ವೈರು ಹಿಡಿಯುವವಳು

ತಾಜಿಮಾ ಅವರಿಗೆ,

ಸೂರಿನಡಿ ಮೂಲಂಗಿ ಒಣಹಾಕುವ ಚಳಿ ಬಂತು. ಅಂಗಡಿಯಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಮನೆಯಲ್ಲಿ ಸೂತಕವಿರುವುದರಿಂದ ಈ ಸಲ ನನ್ನಿಂದ ಹೊಸವರ್ಷದ ಕಾರ್ಡು ಬಾರದು, ಮನ್ನಿಸಿ.

ಹೋದ ವಾರ ನಿಮ್ಮಲ್ಲಿ ಕೊಂಡ ರೋಟರಿ ಪಾಲಿಷ್ ಯಂತ್ರವನ್ನು ವಾಪಸು ಕಳಿಸಿದ್ದೇನೆ. ಅದರಲ್ಲಿ ದೋಷವೇನೂ ಇಲ್ಲ. ನಲವತ್ತು ವರ್ಷ ಕಾರುಗಳಿಗೆ ಹೊಳಪು ಕೊಟ್ಟವನು ನಾನು. ಆರಿಸುವಾಗ ತೂಕ ನೋಡಿದೆ, ವೇಗ ನೋಡಿದೆ, ವೈರಿನ ವಿಚಾರ ಮಾತ್ರ ಹೊಳೆಯಲೇ ಇಲ್ಲ. ನೀವು ಬ್ಯಾಟರಿಯದನ್ನು ತೋರಿಸಿದಾಗ "ಇದೇನ್ರೀ, ಮಕ್ಕಳಾಟದ ಸಾಮಾನು" ಎಂದು ನಕ್ಕವನೂ ನಾನೇ.

ಬೇರೆಯವರು ವೈರನ್ನು ಹೆಗಲ ಮೇಲೆ ಹಾಕಿಕೊಂಡು ಕೆಲಸ ಮಾಡುತ್ತಾರೆ. ನನಗೆ ಅದನ್ನು ಕಲಿಯುವ ಅಗತ್ಯ ಬೀಳಲಿಲ್ಲ. ವೈರು ಕಾರಿಗೆ ತಾಗದಂತೆ ನನ್ನ ಹೆಂಡತಿ ಫುಮಿಎ ಹಿಂದೆ ನಿಂತು ಎತ್ತಿ ಹಿಡಿಯುತ್ತಿದ್ದಳು. ನಾನು ಎಡಕ್ಕೆ ಹೊರಳುವ ಮೊದಲೇ ಅವಳು ಹೊರಳಿರುತ್ತಿದ್ದಳು. ಮೊನ್ನೆ ಗಿರಾಕಿಯೊಬ್ಬರ ಕಪ್ಪು ಕಾರು ಉಜ್ಜುತ್ತ, ತಿರುಗಿ ನೋಡದೆ "ವೈರು ನೋಡೇ" ಎಂದುಬಿಟ್ಟೆ. ಬಾನೆಟ್ಟಿನ ಮೇಲೆ ಮೊಳದುದ್ದ ಗೀರು ಬಿತ್ತು. ಅದನ್ನು ಅಳಿಸುವಷ್ಟರಲ್ಲಿ ಸಂಜೆಯಾಯಿತು.

ಆದ್ದರಿಂದ ಆ ಬ್ಯಾಟರಿಯದನ್ನೇ ಕಳಿಸಿ. "ಅರ್ಧ ಗಂಟೆಗೆಲ್ಲ ನಿಂತ್ಹೋಗುತ್ತೆ ಯಜಮಾನ್ರೇ, ಇನ್ನೊಂದು ಬ್ಯಾಟರಿ ಇಟ್ಕೊಂಡಿರಿ" ಎಂದಿದ್ದಿರಿ. ಬೇಡ, ಒಂದೇ ಸಾಕು. ನಿಲ್ಲುವುದಾದರೆ ನಿಲ್ಲಲಿ. ಅರ್ಧ ಗಂಟೆಗೊಮ್ಮೆ ಅವಳೂ ಗೋಡೆಯಿಂದ ಪ್ಲಗ್ಗು ಕಿತ್ತು, "ಸಾಕು ಬನ್ನಿ, ಚಹಾ ಆರುತ್ತೆ" ಅನ್ನುತ್ತಿದ್ದಳು.

ಇಂತಿ,
ಕುವಬಾರಾ ಸದಾಒ