ನಾಲ್ಕನೇ ಪ್ರೆಸ್ಸಿನ ಮೂರಕ್ಷರ

ಶ್ಯಾಮಲಕ್ಕನಿಗೆ, ನಿಮ್ಮ ಹಿಂದಿನ ಶಿಫ್ಟಿನ ಲಕ್ಷ್ಮಿಯ ನಮಸ್ಕಾರ.

ನಿಮ್ಮ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಒಳಗೆ ಬರಲು ಧೈರ್ಯವಿಲ್ಲ. ಈಗ ಎರಡೂವರೆ. ನಾಲ್ಕಕ್ಕೆ ಫ್ಯಾಕ್ಟರಿಯಲ್ಲಿ ವಿಚಾರಣೆ. ನಿಮ್ಮ ಎರಡು ಬೆರಳು ಯಾರ ತಪ್ಪಿನಿಂದ ಹೋದವು ಎಂದು ಅಲ್ಲಿ ತೀರ್ಮಾನ ಮಾಡುತ್ತಾರಂತೆ. ನನಗೆ ಅದು ಸೋಮವಾರದಿಂದಲೇ ಗೊತ್ತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಶಿಫ್ಟ್ ರಿಜಿಸ್ಟರ್ ಕಂಡರೆ ನನಗೆ ಜ್ವರ ಬರುತ್ತಿತ್ತು. ಬರೆಯಬೇಕಾದದ್ದು ಇಂಗ್ಲಿಷಿನಲ್ಲಿ, ಒಬ್ಬೊಬ್ಬರಿಗೆ ಒಂದೇ ಗೆರೆ ಜಾಗ. ಪದಗಳನ್ನು ಚಿಕ್ಕದು ಮಾಡುವುದನ್ನು ಕಲಿಸಿದ್ದು ನೀವು. ಕ್ವಾಂಟಿಟಿಗೆ ಕ್ಯೂ, ಟಿ, ವೈ. ತಿಂಗಳಿಗೆ ಮೊದಲ ಮೂರಕ್ಷರ, ಕೊನೆಗೊಂದು ಚುಕ್ಕಿ. ನಾನು ಮೇ ತಿಂಗಳಿಗೂ ಚುಕ್ಕಿ ಇಟ್ಟಾಗ ಕ್ಯಾಂಟೀನಿನವರೆಗೂ ನಗುತ್ತಲೇ ಬಂದಿರಿ. “ಇರೋದೇ ಮೂರಕ್ಷರ, ಏನ್ ಬಿಟ್ಟಿದ್ದೀಯ ಅಂತ ಚುಕ್ಕಿ ಇಟ್ಟೆ?” ಆಮೇಲೆ ನಗು ನಿಲ್ಲಿಸಿ ಹೇಳಿದಿರಿ: “ಎಲ್ರಿಗೂ ಗೊತ್ತಿರೋದನ್ನ ಮಾತ್ರ ಚಿಕ್ಕದು ಮಾಡು. ಅಪಾಯ ಇದ್ರೆ ಎರಡು ಗೆರೆ ಆದ್ರೂ ಪೂರ್ತಿ ಬರ್ದ್ಬುಡು. ಓದೋರ ಕೈ ಮಿಷನ್ ಒಳಗಿರ್ತದೆ ಕಣೇ.”

ಸೋಮವಾರ ತಗಡು ಒತ್ತುವ ನಾಲ್ಕನೇ ಪ್ರೆಸ್ಸಿನ ಸೆನ್ಸರ್ ಕೆಟ್ಟಿತ್ತು. ಕೈ ಒಳಗಿದ್ದರೆ ಪ್ರೆಸ್ ನಿಲ್ಲಿಸಬೇಕಾದದ್ದು ಅದೇ. ಹೊರಗೆ ವ್ಯಾನಿನವನು ಹಾರ್ನ್ ಹೊಡೆಯುತ್ತಿದ್ದ. ವ್ಯಾನ್ ತಪ್ಪಿದರೆ ಎರಡು ಬಸ್ಸು ಬದಲಿಸಿ ನಮ್ಮೂರು ಜವಳಗಿರಿ ಸೇರುವಷ್ಟರಲ್ಲಿ ಕತ್ತಲು, ಕಾಡಿನ ದಾರಿಯಲ್ಲಿ ಆನೆ. ಸೆನ್ಸರ್ ನಾಟ್ ವರ್ಕಿಂಗ್ ಎಂದು ಬರೆಯಲು ಹತ್ತು ಸೆಕೆಂಡು ಸಾಕಿತ್ತು. ನಾನು ಎಸ್, ಎನ್, ಡಬ್ಲ್ಯೂ ಎಂದು ಗೀಚಿ, ನನ್ನ ಹೆಸರನ್ನೂ ಸಿ.ಎಂ. ಎಂದು ಚಿಕ್ಕದು ಮಾಡಿ ಸಹಿ ಹಾಕಿ ಓಡಿದೆ. ಆ ಮೂರಕ್ಷರದ ಅರ್ಥ ನನ್ನ ತಲೆಯಲ್ಲಿ ಬಿಟ್ಟರೆ ಇನ್ನೆಲ್ಲೂ ಇರಲಿಲ್ಲ. ಅದರ ಕೆಳಗೆ ನೀವು ಸಹಿ ಹಾಕಿ ಮಿಷನ್ ಆನ್ ಮಾಡಿದಿರಿ.

ನಿನ್ನೆ ಸೂಪರ್‌ವೈಸರ್ ಭೈರೇಶ್ ರಿಜಿಸ್ಟರನ್ನು ನನ್ನ ಮುಂದೆ ಇಟ್ಟರು. “ಪಕ್ಕದಲ್ಲೇ ಪೂರ್ತಿ ಬರ್ದ್ಬುಡು. ಶ್ಯಾಮಲಕ್ಕನೇ ಓದ್ದೇನೇ ಮಿಷನ್ ಹಾಕ್ಬುಟ್ರು ಅಂತ ಆಯ್ತದೆ. ಮುಂದಿನ ತಿಂಗ್ಳು ನೀನು ಪರ್ಮನೆಂಟು.” ಪೆನ್ನು ಕೈಗೆ ತೆಗೆದುಕೊಂಡೆ ಅಕ್ಕ. ಇದನ್ನು ನಿಮ್ಮಿಂದ ಮುಚ್ಚಿಡಲಾರೆ. ಎಷ್ಟೋ ಹೊತ್ತು ಹಿಡಿದುಕೊಂಡೇ ಇದ್ದೆ. ನಾಳೆ ಹೇಳುತ್ತೇನೆ ಎಂದು ಬಂದೆ.

ಒಂದು ಗಂಟೆಯ ಹೊತ್ತಿಗೆ ನಿಮ್ಮ ಯಜಮಾನರು ಮುನಿರಾಜಣ್ಣ ಹೊರಗೆ ಬಂದು, ಏನೂ ತಿಳಿಯದೆ ನನಗೂ ಒಂದು ಲೋಟ ಟೀ ಕೊಟ್ಟು, ನೀವು ಫ್ಯಾಕ್ಟರಿಯವರಿಗೆ ಹೇಳಿದ್ದನ್ನು ಹೇಳಿದರು: “ಹುಡ್ಗಿ ಸರ್ಯಾಗೇ ಬರ್ದಿತ್ತು. ನಾನೇ ನೋಡ್ಲಿಲ್ಲ.” ನಿಮ್ಮ ಮೇಲೆ ಸಿಟ್ಟು ಬಂತು. ಬೆರಳು ಕಳೆದುಕೊಂಡವರು ನೀವು, ಹದಿನಾಲ್ಕು ವರ್ಷದ ಕೆಲಸವನ್ನೂ ಕಳೆದುಕೊಂಡು ನನ್ನನ್ನು ಉಳಿಸುತ್ತೀರಾ? ಯಾರು ಕೇಳಿದರು ನಿಮ್ಮನ್ನು?

ಅದಕ್ಕೇ ಈ ಕಾಗದದ ಜೊತೆ ಇನ್ನೊಂದನ್ನೂ ಬರೆದಿದ್ದೇನೆ, ವಿಚಾರಣೆಯವರಿಗೆ. ನಡೆದದ್ದೆಲ್ಲ ಇದೆ. ವ್ಯಾನ್, ಹಾರ್ನ್, ಭೈರೇಶ್ ಕೊಟ್ಟ ಪೆನ್ನು, ನಾನು ಅದನ್ನು ಹಿಡಿದಿದ್ದು. ಎರಡು ಪುಟ ತುಂಬಿದೆ, ಒಂದು ಪದವನ್ನೂ ಚಿಕ್ಕದು ಮಾಡಿಲ್ಲ. ಅದರ ಫೋಟೋ ಮುನಿರಾಜಣ್ಣನ ಫೋನಿಗೆ ಕಳಿಸಿಯಾಗಿದೆ, ದಾರಿಯಲ್ಲಿ ನನ್ನ ಮನಸ್ಸು ಬದಲಾದರೂ ಉಪಯೋಗವಿಲ್ಲ. ಮೂರು ಗಂಟೆಯ ಬಸ್ಸಿಗೆ ಹೊರಡುತ್ತೇನೆ.

ನಿಮ್ಮ ಗಾಯ ಬೇಗ ಮಾಯಲಿ. ಸಂಜೆ ಒಳಗೆ ಬರುತ್ತೇನೆ. ಬೈಯಬೇಕೆನಿಸಿದರೆ ಏನನ್ನೂ ಬಿಡದೆ ಬೈಯಿರಿ.

ಇಂತಿ,
ಜವಳಗಿರಿಯ ಚಿನ್ನಪ್ಪನ ಮಗಳು ಮುನಿಲಕ್ಷ್ಮಿ