ನೀಲಕ್ಕನ ತಂಗಡಿ ಗಿಡ ಕೀಳಿಸಿದವರಿಗೆ

ನಮ್ಮ ಭಾಗದ ಉದ್ಯಾನಗಳ ಉಸ್ತುವಾರಿ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ನನ್ನ ದೂರನ್ನು ಇಪ್ಪತ್ತು ತಿಂಗಳ ನಂತರವಾದರೂ ಇತ್ಯರ್ಥಪಡಿಸಿದ್ದೀರಿ. ಅದರ ಫಲವಾಗಿ ಯಲಹಂಕದ ನಮ್ಮ ಬಡಾವಣೆಯ ಪಾರ್ಕು ಹಾಳಾಗಿದೆ, ಅದನ್ನು ನೋಡಿಕೊಳ್ಳುತ್ತಿದ್ದ ನೀಲಕ್ಕ ಕೆಲಸ ಕಳೆದುಕೊಂಡಿದ್ದಾರೆ. ವಂದನೆಗಳು.

2024ರ ಮಾರ್ಚಿನಲ್ಲಿ ಪಾರ್ಕಿನ ಬೋರ್‌ವೆಲ್ ಬತ್ತಿ ಹುಲ್ಲುಹಾಸು ತೆಂಗಿನ ನಾರಿನ ಬಣ್ಣಕ್ಕೆ ತಿರುಗಿತ್ತು. ಯಶವಂತಪುರ ನಿಲ್ದಾಣದ ಪಾರ್ಸೆಲ್ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದ ನನಗೆ ಅರ್ಜಿ ಬರೆಯುವುದು ಚಟ. ‘ಹುಲ್ಲು ಸತ್ತಿದೆ, ಕೂಡಲೇ ಕ್ರಮ ಕೈಗೊಳ್ಳಿ’ ಎಂದು ಬರೆದು, ನಿಮ್ಮ ಕಚೇರಿಗೆ ಕೊಟ್ಟು, ಮೊಹರು ಹಾಕಿಸಿಕೊಂಡು ಬಂದೆ. ನೀವು ಬರಲಿಲ್ಲ. ನೀಲಕ್ಕ ಕಾಯಲಿಲ್ಲ.

ಆಕೆಯ ತವರು ಹೆಸರಘಟ್ಟದ ಕಡೆ. ಅಲ್ಲಿನ ಹುಲ್ಲುಗಾವಲಿನ ಅಂಚಿನಿಂದ ಒಂದು ಚೀಲ ತಂಗಡಿ ಕಾಯಿ ತಂದರು. ಬೀಜ ಬಿಡಿಸಿ, ಬಿಸಿನೀರಲ್ಲಿ ನೆನೆಹಾಕಿ, ಜೂನ್ ಮಳೆಗೆ ಬಿತ್ತಿದರು.

“ನೀರೇ ಇಲ್ವಲ್ಲ ನೀಲಕ್ಕ?” ಅಂದೆ.

“ಬೆಟ್ಟದಾಗೆ ಯಾರು ನೀರಾಕ್ತಾರೆ ಸಾ? ಇದು ಇಂಗೇ ಬೆಳ್ಕತದೆ.”

ಸಸಿಗಳು ಬೇರು ಬಿಡುವ ತನಕ ನನ್ನ ಹೆಂಡತಿ ರಮಾ ಅಕ್ಕಿ ತೊಳೆದ ನೀರು ಕೊಟ್ಟಳು. ಆಮೇಲೆ ಅದೂ ಬೇಡವಾಯಿತು. ಮರುವರ್ಷದ ಬೇಸಿಗೆ ಮುಗಿಯುವಷ್ಟರಲ್ಲಿ ಗಿಡಗಳು ಸೊಂಟದೆತ್ತರ ಬೆಳೆದು, ಮಳೆ ಬಿದ್ದ ಮೇಲೆ ಪಾರ್ಕಿನ ತುಂಬ ಹಳದಿ ಹೂ. ಚಿಟ್ಟೆಗಳು ಬಂದವು. ಸಕ್ಕರೆ ಕಾಯಿಲೆಗೆ ಒಳ್ಳೆಯದಂತೆ ಎಂದು ಬೆಳಗಿನ ವಾಕಿಂಗ್ ಬಳಗ ಹೂ ಕದಿಯತೊಡಗಿತು. ಸರ್ಕಾರಿ ಪಾರ್ಕೊಂದರಲ್ಲಿ ಕದಿಯಲು ಯೋಗ್ಯವಾದದ್ದೇನೋ ಇತ್ತು ಎಂಬುದನ್ನು ದಯವಿಟ್ಟು ಗಮನಿಸಿ.

ನವೆಂಬರಿನಲ್ಲಿ ನೀವು ಬಂದಿರಿ. ನಾನು ಗೇಟಿನಲ್ಲೇ ಇದ್ದೆ.

“ಏನಮ್ಮ, ಇಷ್ಟೊಂದು ಕಳೆ ಬೆಳೆಸಿದ್ದೀಯ?”

“ಕಳೆ ಅಲ್ಲ ಸ್ವಾಮಿ, ತಂಗಡಿ. ನೀರು ಕೇಳಲ್ಲ.”

“ನೀರು ಕೇಳದೇ ಇರೋ ಗಿಡ ನಮ್ಮ ಪಟ್ಟಿಯಲ್ಲಿಲ್ಲ,” ಎಂದು ಕಡತದಿಂದ ನನ್ನದೇ ಅರ್ಜಿ ತೆಗೆದು ಓದಿದಿರಿ: ಹುಲ್ಲು ಸತ್ತಿದೆ. “ನಿಜ ತಾನೆ? ಹುಲ್ಲೆಲ್ಲಿದೆ ಇಲ್ಲಿ?”

ಅದು ಹಳೆಯ ಅರ್ಜಿ ಎಂದು ನಾನು ಹೇಳಬೇಕಿತ್ತು. ನನ್ನ ಕೈಬರಹವನ್ನೇ ನೋಡುತ್ತ ನಿಂತೆ. ಜೆಸಿಬಿಗೆ ನಲವತ್ತು ನಿಮಿಷ ಸಾಕಾಯಿತು.

ವಾರದ ನಂತರ ನೀಲಕ್ಕ ನಮ್ಮ ಮನೆಗೆ ಒಂದು ಕಾಗದ ತಂದರು. ನಿರ್ಲಕ್ಷ್ಯದ ಕಾರಣ ಸೇವೆಯಿಂದ ಕೈಬಿಡಲಾಗಿದೆ ಎಂದಿತ್ತು. ಓದಿ ಹೇಳಿದೆ.

“ನಿರ್ಲಕ್ಷ್ಯ ಅಂದ್ರೆ ಏನ್ ಸಾ?”

“ಸರಿಯಾಗಿ ನೋಡ್ಕೊಳ್ದೇ ಇರೋದು.”

ಆಕೆ ಕಾಗದ ಈಸಿಕೊಂಡು ಮಡಿಸಿದರು. ಆಮೇಲೆ, “ನಾನಾ?” ಎಂದರು.

ದೂರು ಕೊಟ್ಟವನು ನಾನೇ ಎಂದು ಆಗ ಹೇಳಿದೆ. “ನಮ್ ಪಾರ್ಕು ಚೆನ್ನಾಗಿರ್ಲಿ ಅಂತ ತಾನೇ ಬರೆದ್ರಿ, ಬಿಡಿ,” ಎಂದು ಎದ್ದು ಹೋದರು. ಬೈದಿದ್ದರೆ ನನಗೆ ಅಂದು ಊಟ ಸೇರುತ್ತಿತ್ತು.

ಮರುದಿನ ದೂರು ವಾಪಸ್ ಪಡೆಯಲು ನಿಮ್ಮ ಕಚೇರಿಗೆ ಬಂದೆ. ಇತ್ಯರ್ಥವಾದ ದೂರನ್ನು ಹಿಂಪಡೆಯಲು ಅವಕಾಶವಿಲ್ಲವಂತೆ. ನೀವು ಹಾಸಿದ ಹೊಸ ಹುಲ್ಲಿಗೆ ಟ್ಯಾಂಕರ್ ನಾಲ್ಕು ಸಲ ಬಂತು, ಐದನೆಯ ಸಲ ಬರಲಿಲ್ಲ. ಈಗ ಫೆಬ್ರವರಿ. ಹುಲ್ಲು ಮತ್ತೆ ಸತ್ತಿದೆ. ಈ ಸಲದ ನಿರ್ಲಕ್ಷ್ಯ ಯಾರದು? ಅವರಿಗೂ ಕಾಗದ ಹೋಗಿದೆಯೇ?

ಹಾಗಾಗಿ ನನ್ನ ಬೇಡಿಕೆ: ನೀಲಕ್ಕನ ಕಾಗದದಿಂದ ‘ನಿರ್ಲಕ್ಷ್ಯ’ ಎಂಬ ಪದ ತೆಗೆದು, ತಪ್ಪು ನಮ್ಮದು ಎಂದು ಬರೆದು, ಅವರನ್ನು ವಾಪಸ್ ಕರೆಸಿ. ಮುಂದಿನ ಮಳೆಗೆ ಏನು ಬಿತ್ತಬೇಕೆಂದು ಅವರನ್ನೇ ಕೇಳಿ. ಅವರು ಈಗ ಮಾಕಳಿಯ ನರ್ಸರಿಯೊಂದರಲ್ಲಿ ದಿನಗೂಲಿಗೆ ಸಸಿ ಕಟ್ಟುತ್ತಿದ್ದಾರೆ. ಹೋಗುವಾಗ ಚಪ್ಪಲಿ ಬಿಟ್ಟು ಹೋಗಬೇಕಿಲ್ಲ, ನಿಮ್ಮ ಗಿಡಗಳ ಪಟ್ಟಿ ಬಿಟ್ಟು ಹೋದರೆ ಸಾಕು.

ಇಂತಿ,
ಮೊಹರನ್ನು ನಂಬಿ ಕೆಟ್ಟ,
ಬಾಲರಾಜು
ಪಾರ್ಕಿನ ಎದುರು ಮನೆ, ಯಲಹಂಕ