ಎಳೆಗರಿಯ ಗಂಟು

ಓಹೊಯ್‌ಲಾರ್,
ಭಾನುವಾರ, ಅಕ್ಟೋಬರ್ ೧೪, ೨೦೧೮

ಪ್ರೀತಿಯ ಟೆಕ್ಲಾ ಅಕ್ಕನಿಗೆ,

ಎರಡು ವರ್ಷದ ಹಿಂದೆ, ಯಾರೂ ಇಳಿಯಬಾರದು ಅಂತ ಮುಚ್ಚಿದ್ದ ಸಮುದ್ರದ ಹವಳದ ದಿಬ್ಬದಿಂದ ಲೋಲಾ ಚಿಪ್ಪು ಕದ್ದವನು ನಾನು. ನಿನ್ನ ಗೆಳತಿ ಹಸ್ನಾ ಅಲ್ಲ.

ಕುಶಲ ಕೇಳುವ ಮೊದಲೇ ಇದನ್ನು ಬರೆದುಬಿಟ್ಟೆ. ಕುಶಲದಿಂದ ಶುರುಮಾಡಿದ ನಾಲ್ಕು ಕಾಗದ ಆಗಲೇ ಒಲೆ ಸೇರಿವೆ. ನಿನ್ನ ಪತ್ರ ಬಂದು ತಿಂಗಳಾಯಿತು. ತಡಮಾಡಿದ್ದಕ್ಕೆ ಕ್ಷಮಿಸು. ಉಳಿದದ್ದನ್ನು ಕ್ಷಮಿಸುತ್ತೀಯೋ ಇಲ್ಲವೋ, ಪೂರ್ತಿ ಓದಿದ ಮೇಲೆ ಹೇಳು.

ಇಲ್ಲಿ ಎಲ್ಲರೂ ಆರೋಗ್ಯವಾಗಿದ್ದಾರೆ. ವರ್ಷದ ದೊಡ್ಡ ಇಳಿತ ಶುರುವಾಗಿದೆ. ಸಮುದ್ರ ಎಷ್ಟು ಹಿಂದೆ ಸರಿದಿದೆಯೆಂದರೆ ಬುಟ್ಟಿ ಹಿಡಿದು ಹೋದ ಹೆಂಗಸರು ದಡದಿಂದ ಇರುವೆಗಳ ಹಾಗೆ ಕಾಣುತ್ತಾರೆ. ಪೆತ್ರೋನೆಲಾ ಅಜ್ಜಿಯ ಕಣ್ಣು ಇನ್ನಷ್ಟು ಮಂಜಾಗಿದೆ. ಆದರೂ ಯಾರು ಯಾರ ಮನೆಗೆ ಹೋದರು ಅನ್ನುವುದು ಮಾತ್ರ ಅವಳಿಗೆ ಚೆನ್ನಾಗಿ ಕಾಣುತ್ತದೆ.

ಅಂಬೋನಿನ ಆಸ್ಪತ್ರೆಯಿಂದ ಆರು ಜನರನ್ನು ಕಣ್ಣಿನ ಪರೀಕ್ಷೆಗೆ ಕರೆತರುತ್ತೇನೆ, ಮಕಾಸ್ಸರಿನಿಂದ ಹಸ್ನಾಳೂ ಬರಲು ಒಪ್ಪಿದ್ದಾಳೆ, ಅಂತ ಬರೆದಿದ್ದೀಯ. ಹೊರಗಿನವರು ನಮ್ಮೂರಿಗೆ ಮರ್ಯಾದೆಯಿಂದ, ಅಪಾಯವಿಲ್ಲದೆ ಬಂದುಹೋಗಲು ಏನು ಮಾಡಬೇಕು ಎಂದು ಕೇಳಿದ್ದೀಯ. ಶಾಲೆ ಬಿಟ್ಟವನನ್ನು ಕೇಳುತ್ತಿದ್ದೀಯಲ್ಲ ಅಂತ ನಗು ಬಂತು. ಆಮೇಲೆ ನಗು ನಿಂತಿತು.

ಭರತದ ಹೊತ್ತಿಗೇ ಬರಲಿ. ಇಳಿತದಲ್ಲಿ ಬಂದರೆ ದೋಣಿಯ ಹೊಟ್ಟೆ ಸೀಳುತ್ತದೆ. ಇಳಿದವರು ನೀರು ಕುಡಿಯುವುದಕ್ಕೂ ಮೊದಲು ಊರ ಹಿರಿಯನ ಮನೆಗೆ ಹೋಗಿ ಹೊಗೆಸೊಪ್ಪು, ಎಲೆಯಡಿಕೆ ಇಟ್ಟು, ಯಾಕೆ ಬಂದೆವು, ಎಷ್ಟು ದಿನ ಇರುತ್ತೇವೆ ಅಂತ ಹೇಳಲಿ. ಕೇಳದೆ ಯಾರ ಫೋಟೋವನ್ನೂ ತೆಗೆಯಬಾರದು. ಮರಗೆಣಸಿನ ರೊಟ್ಟಿ ಮರದ ಹೊಟ್ಟಿನ ಹಾಗಿದ್ದರೂ ಒಂದು ತುಂಡಾದರೂ ತಿನ್ನಲಿ. ನೀರು ತಿರುಗುವ ಹೊತ್ತಿನಲ್ಲಿ ಎರಡು ದ್ವೀಪಗಳ ನಡುವೆ ಈಜಬಾರದು, ನಾನೂ ಈಜುವುದಿಲ್ಲ. ಎಳೆ ತೆಂಗಿನ ಗರಿ ಕಟ್ಟಿದ ಕಂಬ ಮುಚ್ಚಿದ ನೀರಿನ ಗುರುತು, ಅದು ಕಂಡರೆ ಅಲ್ಲಿಂದ ಆಚೆಗೆ ಒಂದು ಹೆಜ್ಜೆಯನ್ನೂ ಇಡಬಾರದು.

ಹಸ್ನಾ ಇದಿಷ್ಟನ್ನೂ ಮಾಡಿದ್ದಳು ಅಕ್ಕ. ಒಂದನ್ನೂ ತಪ್ಪಿಸಿರಲಿಲ್ಲ.

ಅವಳು ಹಾಗೆ ನಡೆದುಕೊಂಡಷ್ಟೂ ನಮ್ಮವರ ಅನುಮಾನ ಹೆಚ್ಚಿತು. ನೀನು ಹಡಗು ಹತ್ತಿ ಕೆಲಸಕ್ಕೆ ಹೋದ ಮೇಲೆ ಅವಳು ಹತ್ತು ದಿನ ಒಬ್ಬಳೇ ಇದ್ದಳಲ್ಲ, ಆಗ ಬಾವಿಕಟ್ಟೆಯಲ್ಲಿ ಬೇರೆ ಮಾತೇ ಇರಲಿಲ್ಲ.

"ಇಷ್ಟು ಒಳ್ಳೆಯವಳು ಇಲ್ಲಿಗ್ಯಾಕೆ ಬಂದ್ಳು?" ಅಂತ ಅಜ್ಜಿ. "ಹಲ್ಲು ಕಿರಿದು ಕಿರಿದು ದವಡೆ ನೋಯಲ್ವಾ ಅವಳಿಗೆ?"

"ಪುಸ್ತಕದಲ್ಲಿ ಏನೋ ಬರ್ಕೋತಾಳೆ. ನಮ್ಮ ದಿಬ್ಬ ಎಲ್ಲಿದೆ, ಎಷ್ಟಾಳ ಅಂತ ಇರ್ಬೇಕು," ಅಂದ ದೋಣಿಯ ಬೋನಿ ಮಾವ.

"ನನ್ನ ಹುಣ್ಣಿಗೆ ಮುಲಾಮು ಹಚ್ಚಿದ್ದು ಬರ್ಕೊಂಡ್ಳು ಕಣೋ," ಅಂದಳು ಅಜ್ಜಿ.

"ಈಗ ಹುಣ್ಣು, ನಾಳೆ ದಿಬ್ಬ. ನೀನೇ ನೋಡ್ತಿರು."

ಆ ಹತ್ತು ದಿನಗಳ ನಡುವಿನ ಭಾನುವಾರ ಎಲ್ಲರೂ ಚರ್ಚಿನ ಪೂಜೆಗೆ ಹೋದಾಗ ನಾನು ಹಿಂದಿನ ಬೆಂಚಿನಿಂದ ಜಾರಿ ದಿಬ್ಬಕ್ಕೆ ಹೋದೆ. ಹೊರಗಿನ ದೋಣಿಯ ವ್ಯಾಪಾರಿಯೊಬ್ಬ ಒಂದು ಚೀಲ ಲೋಲಾಕ್ಕೆ ಫೋನ್ ಕೊಡುತ್ತೇನೆ ಅಂದಿದ್ದ. ನನಗೂ ಈ ಊರು ಸಾಕಾಗಿತ್ತು. ಫೋನಿದ್ದರೆ ಎಲ್ಲಾದರೂ ಕೆಲಸ ಸಿಗುತ್ತದೆ ಅಂದುಕೊಂಡೆ. ಚಿಪ್ಪು ಮೂರು ವರ್ಷ ಬೆಳೆಯಲಿ ಅಂತ ಊರ ಕಾವಲುಗಾರನಾದ ಅಪ್ಪ ತನ್ನ ಕೈಯಾರೆ ಗರಿ ಕಟ್ಟಿ ಮುಚ್ಚಿದ್ದ ದಿಬ್ಬ ಅದು. ಆತುರದಲ್ಲಿ ನನ್ನ ದೋಣಿ ಕಂಬಕ್ಕೆ ತಾಗಿ ಗರಿ ಕಳಚಿ ಬಿತ್ತು. ನಾನು ಅದನ್ನು ನೋಡಿದೆ, ಎತ್ತಲಿಲ್ಲ.

ಮಧ್ಯಾಹ್ನ ಅದು ಮರಳಿಗೆ ಬಂದು ಬಿದ್ದದ್ದನ್ನು ಹಸ್ನಾ ಕಂಡಳು. ಬಿದ್ದ ಗರಿಯನ್ನು ಮುಟ್ಟದೆ ಕಾವಲುಗಾರನಿಗೆ ಹೇಳಬೇಕು ಅಂತ ಅವಳಿಗೆ ನಾವ್ಯಾರೂ ಹೇಳಿರಲಿಲ್ಲ. ದಾಟಬೇಡ ಅಂದಿದ್ದೆವು, ಅಷ್ಟೇ. ನಮಗೆ ಹುಟ್ಟಿನಿಂದ ಗೊತ್ತಿರುವುದು ಬೇರೆಯವರಿಗೂ ಗೊತ್ತಿರುತ್ತದೆ ಅನ್ನುವ ತಪ್ಪನ್ನು ನಮ್ಮವರು ಯಾವಾಗಲೂ ಮಾಡುತ್ತಾರೆ. ಇಳಿತದಲ್ಲಿ ಕಂಬದವರೆಗೆ ನಡೆದುಹೋಗಿ ಅವಳು ಗರಿಯನ್ನು ಮತ್ತೆ ಕಟ್ಟಿದಳು, ಗಾಯಕ್ಕೆ ಬಟ್ಟೆ ಕಟ್ಟುವ ಹಾಗೆ, ಅಚ್ಚುಕಟ್ಟಾಗಿ.

ದಿಬ್ಬದಲ್ಲಿ ಚಿಪ್ಪು ಕಳುವಾದದ್ದು ಗೊತ್ತಾಗಿ ಮಾರನೆಯ ದಿನ ಸಭೆ ಸೇರಿತು. ಅಪ್ಪ ಗರಿಯನ್ನು ಎತ್ತಿ ತೋರಿಸಿ, "ಈ ಗಂಟು ನಮ್ಮ ಕೈಯದಲ್ಲ," ಅಂದ.

"ನಾನೇ ಕಟ್ಟಿದ್ದು," ಅಂದಳು ಹಸ್ನಾ. "ಕೆಳಗೆ ಬಿದ್ದಿತ್ತು. ನಿಮಗೆ ಬೇಜಾರಾಗ್ಬಾರ್ದು ಅಂತ ಕಟ್ಟಿದೆ."

ಕಾವಲುಗಾರನಲ್ಲದವರು ಕಟ್ಟಿದ್ದಾರೆ ಅಂದರೆ ಅವರೇ ಬಿಚ್ಚಿದ್ದಾರೆ. ನಮ್ಮಲ್ಲಿ ಅದರಾಚೆಗೆ ಯಾರೂ ಕೇಳುವುದಿಲ್ಲ. ಪಶ್ಚಿಮದ ಗಾಳಿ ಎದ್ದಿದ್ದರೂ ಅವಳನ್ನು ಅವತ್ತೇ ದೋಣಿ ಹತ್ತಿಸಿದರು. ಲಂಗ್ಗೂರಿನ ಬಂದರು ಮುಟ್ಟುವಷ್ಟರಲ್ಲಿ ದೋಣಿ ಎರಡು ಸಲ ಮಗುಚುವುದರಲ್ಲಿತ್ತಂತೆ. ಅವಳು ಹತ್ತುವಾಗ ಚೀಲ ಎತ್ತಿಕೊಟ್ಟವನು ನಾನು. "ಥ್ಯಾಂಕ್ಸ್ ಮೆಲ್ಕಿ," ಅಂದಳು. ಮುಂದಿನ ವಾರ ನೀನು ಅಪ್ಪನಿಗೆ, "ಇನ್ನು ಆ ಮನೆ ಮೆಟ್ಟಿಲು ಹತ್ತಲ್ಲ," ಅಂತ ನನ್ನ ಫೋನಿನಲ್ಲೇ ಹೇಳಿದೆ. ಆ ಫೋನು ಚಿಪ್ಪು ಕೊಟ್ಟು ತಂದದ್ದೇ. ಶಾಲೆಯ ಗೆಳೆಯ ಕೊಟ್ಟ ಅಂತ ನಿನಗೆ ಸುಳ್ಳು ಹೇಳಿದ್ದೆ.

ಅಕ್ಕ, ಹಸ್ನಾ ಮತ್ತೆ ಬಂದರೆ ಅವಳನ್ನು ಕಳ್ಳಿ ಅಂತಲೇ ನೋಡುತ್ತಾರೆ. ಇನ್ನೊಂದು ಗರಿ ಬಿದ್ದರೂ, ಒಂದು ಕೋಳಿ ಕಾಣದಿದ್ದರೂ ಅವಳ ತಲೆಗೇ ಬರುತ್ತದೆ. ನಾನು ಬಾಯಿಬಿಡದೆ ಅವಳು ಬರುವುದು ಬೇಡ ಅನ್ನಿಸಿತು. ಶುಕ್ರವಾರ ಬಲೆ ಸರಿಮಾಡುತ್ತಿದ್ದ ಅಪ್ಪನ ಹತ್ತಿರ ಕೂತು ಎಲ್ಲವನ್ನೂ ಹೇಳಿದೆ. ಅವನು ಬೈಯಲಿಲ್ಲ, ಹೊಡೆಯಲಿಲ್ಲ. ಬಲೆಯ ಒಂದು ಗಂಟು ಬಿಗಿದು, "ಸಭೇಲಿ ಹೇಳ್ತೀಯಾ?" ಅಂತ ಕೇಳಿದ. ಹೂಂ ಅಂದೆ. "ಕಾಯೋನ ಮನೇಲೇ ಕಳ್ಳ ಅಂದ್ರೆ ನಾನು ಕಾವಲು ಬಿಡ್ಬೇಕಾಗುತ್ತೆ, ಗೊತ್ತಲ್ಲ," ಅಂದ. ಗೊತ್ತು ಅಂದೆ. ಮತ್ತೆ ಬಲೆಗೆ ಬಗ್ಗಿದ.

ಈವತ್ತು ಪೂಜೆ ಮುಗಿದ ಮೇಲೆ ಅಂಗಳದಲ್ಲಿ ನಿಂತು ಹೇಳಿದೆ. ಅಪ್ಪ ಎದ್ದು, ಕಾವಲಿನ ಕೆಂಪು ನಡುಪಟ್ಟಿ ಬಿಚ್ಚಿ ಹಿರಿಯರ ಮುಂದಿಟ್ಟು ಮನೆ ಕಡೆ ನಡೆದ. ಮುಂದಿನ ಸಲ ದಿಬ್ಬ ತೆರೆಯುವವರೆಗೆ ನಾನು ಈ ಊರಿನ ನೀರಿಗೆ ಇಳಿಯುವಂತಿಲ್ಲ ಎಂದು ತೀರ್ಪಾಯಿತು. ಹಸ್ನಾಳ ವಿಷಯ ಏನು ಅಂತ ಕೇಳಿದೆ. ಬೋನಿ ಮಾವ ಬೇರೆ ಕಡೆ ನೋಡಿದ. "ಕದ್ದಿದ್ದು ಕದ್ದೆ. ಈಗ ಹೇಳ್ಕೊಂಡು ಊರಿನ ಮುಖಕ್ಕೆ ಮಸಿ ಯಾಕೋ ಬಳೀತೀಯ?" ಅಂತ ಅಜ್ಜಿ. ಅವಳ ಹೆಸರಿನ ಮೇಲಿನ ತಪ್ಪು ತೆಗೆಯಿರಿ ಅಂತ ಮೂರು ಸಲ ಕೇಳಿದ ಮೇಲೆ ಹಿರಿಯರು ಹೂಂ ಅಂದರು.

ಹಾಗಾಗಿ ಮಕಾಸ್ಸರಿನ ಅವಳ ಮನೆಗೆ ಮೊದಲು ನಾನು ಹೋಗುತ್ತೇನೆ. ಹೊಗೆಸೊಪ್ಪು, ಎಲೆಯಡಿಕೆ ಕಟ್ಟಿಕೊಂಡಿದ್ದೇನೆ. ಅವರಲ್ಲಿ ಅದು ನಡೆಯುತ್ತದೋ ಇಲ್ಲವೋ ಗೊತ್ತಿಲ್ಲ, ಬಾಗಿಲಲ್ಲಿ ಕೇಳಿಕೊಳ್ಳುತ್ತೇನೆ. ಬರುವುದು ಬಿಡುವುದು ಆಮೇಲೆ ಅವಳಿಷ್ಟ. ನೀನು ಮಾತ್ರ ಆ ಆರು ಜನರನ್ನು ಕರೆದುಕೊಂಡು ಬಾ. ಅಜ್ಜಿಯ ಕಣ್ಣಿಗೆ ಔಷಧಿ ಬೇಕು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಬೈಯುವುದಾದರೂ ಬೈದು ಬರೆ.

ನಿನ್ನ ತಮ್ಮ,
ಮೆಲ್ಕಿ

ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಸಭೆಯಲ್ಲಿ ನಾನು ಹೇಳಿದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ ಅಕ್ಕ. ಒಬ್ಬರ ಹುಬ್ಬೂ ಮೇಲೇರಲಿಲ್ಲ. ಮನೆಗೆ ಬಂದು ಅಪ್ಪನನ್ನು ಕೇಳಿದೆ. "ಆ ಭಾನುವಾರ ಊರೆಲ್ಲ ಪೂಜೆ ಬಟ್ಟೇಲಿದ್ರೆ ನಿನ್ನ ಚಡ್ಡಿ ಹಗ್ಗದ ಮೇಲೆ ಒದ್ದೆಯಾಗಿತ್ತು," ಅಂದ. "ಅವಳು ಹೊರಗಿನವಳು, ಹೋಗ್ತಾಳೆ, ಮುಗಿಯುತ್ತೆ. ನಿನ್ನ ಮೇಲೆ ಬಂದಿದ್ರೆ ನಾವೆಲ್ಲಿಗೆ ಹೋಗ್ಬೇಕಿತ್ತು?" ಆ ಗಂಟನ್ನು ಎತ್ತಿ ತೋರಿಸುವಾಗಲೇ ಅವನಿಗೆ ಎಲ್ಲ ಗೊತ್ತಿತ್ತು. ಉಳಿದವರಲ್ಲಿ ಯಾರಿಗೆ ಗೊತ್ತಿತ್ತೋ, ಯಾರಿಗೆ ಇರಲಿಲ್ಲವೋ. ಈಗ ಒಬ್ಬೊಬ್ಬರ ಮುಖವನ್ನೂ ನೋಡುತ್ತೇನೆ, ತಿಳಿಯುವುದಿಲ್ಲ. ನಮ್ಮೂರ ಶಾಲೆಯ ಮೇಷ್ಟ್ರು ಈ ಕಾಗದವನ್ನು ಈಗಲೇ ಅಂಬೋನಿಗೆ ತರುತ್ತಿದ್ದಾರೆ. ನಾನು ನಾಳೆ ಬೆಳಗಿನ ದೋಣಿಗೆ ಹೊರಡುತ್ತೇನೆ.